ನೀರಿಗಿಂತ ಒಂದು ಹೆಜ್ಜೆ ಮುಂದೆ

ಮೂಕಣ್ಣನಿಗೂ ನನಗೂ ಸ್ನೇಹವಾದದ್ದು ನಾನು ಅವನನ್ನು ಹೊಡೆಯಲು ಹೋದ ದಿನ.

ಅವನು ನಮ್ಮ ಕಾಲುವೆಯ ನೀರಗಂಟಿ. ಇಲಾಖೆಯ ಕಾಗದದಲ್ಲಿ ಲಸ್ಕರ್ ಅಂತ ಇತ್ತು. ತೂಬು ಎತ್ತಬೇಕು, ಇಳಿಸಬೇಕು, ಯಾರ ಪಾಳಿ ಯಾವತ್ತು ಅಂತ ನೋಡಿ ನೀರು ಹಂಚಬೇಕು. ಹನ್ನೆರಡು ಮೈಲಿ ಏರಿಯ ಮೇಲೆ ನಡೆದು ಎಲ್ಲಿ ಸೋರಿದೆ, ಎಲ್ಲಿ ಕುಸಿದಿದೆ ಅಂತ ನೋಡಿ ಬರಬೇಕು. ನನ್ನ ಹೊಲ ಆ ಕಾಲುವೆಯ ಕಟ್ಟಕಡೆಗೆ. ಮೇಲಿನವರೆಲ್ಲ ಕುಡಿದು ಕೈ ತೊಳೆದ ಮೇಲೆ ಉಳಿದದ್ದು ನನಗೆ. ಎಪ್ಪತ್ತೊಂದನೇ ಇಸವಿಯಲ್ಲಿ ನನ್ನ ಪಾಳಿ ಬಂದು ಎರಡು ದಿನವಾದರೂ ನೀರು ಬರಲಿಲ್ಲ. ಬಾಳೆ ಎಲೆ ಮಡಚಿಕೊಂಡವು. ನಾನು ಸಲಿಕೆ ಹೆಗಲಿಗೇರಿಸಿ ಹೊರಟೆ.

ಅವನು ತೂಬಿನ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ನಾನು ಅವನ ತಾಯಿಯಿಂದ ಶುರುಮಾಡಿ ಅಜ್ಜನವರೆಗೆ ಬೈದೆ. ಅವನು ಪೂರಾ ಕೇಳಿಸಿಕೊಂಡ.

“ಬೈದದ್ದು ಆತಾ?”

“ಇನ್ನೂ ಐತಿ.”

“ಹಂಗಾರ ನಡಕೊಂತ ಬೈ. ನೀರು ಎಲ್ಲಿ ಸಿಕ್ಕೊಂಡೈತಿ ನೋಡಾಣ ಬಾ.”

ನಾಲ್ಕು ಮೈಲಿ ಮೇಲಕ್ಕೆ ನಡೆಸಿದ. ಸೇತುವೆಯ ಕೆಳಗೆ ಯಾರೋ ಜಾಲಿ ಮುಳ್ಳು ಹಾಕಿದ್ದರು. ಅದಕ್ಕೆ ಹುಲ್ಲು ಸಿಕ್ಕಿಕೊಂಡು ಕಾಲುವೆ ಕಟ್ಟಿಹೋಗಿತ್ತು. ಇಬ್ಬರೂ ಇಳಿದು ತೆಗೆದೆವು. ವಾಪಸು ಬರುವಾಗ ನೀರು ನಮ್ಮ ಹಿಮ್ಮಡಿಗೆ ಹತ್ತಿಕೊಂಡೇ ಬಂತು. ನಾನು ಖುಷಿಯಲ್ಲಿ ಮುಂದೆ ಓಡಿದೆ. ಅವನು ರಟ್ಟೆ ಹಿಡಿದು ನಿಲ್ಲಿಸಿದ.

“ಓಡಬ್ಯಾಡ. ನೀರಿಗಿಂತ ಒಂದು ಹೆಜ್ಜಿ ಮುಂದ ಇದ್ರ ಸಾಕು. ಭಾಳ ಮುಂದ ಹೋದ್ರ ಹಿಂದ ಏನಾತು ಗೊತ್ತಾಗಂಗಿಲ್ಲ.”

ಅದು ಅವನ ಕೆಲಸದ ಪದ್ಧತಿ. ವರ್ಷದ ಮೊದಲ ನೀರು ಬಿಟ್ಟಾಗ ಅವನು ಚಪ್ಪಲಿ ಕಳಚಿಟ್ಟು, ಒಣಗಿದ ಕಾಲುವೆಯೊಳಗೆ ಇಳಿದು, ನೀರಿನ ಮೂತಿಗಿಂತ ಒಂದು ಹೆಜ್ಜೆ ಮುಂದೆ ಕಸ ಮುಳ್ಳು ತೆಗೆಯುತ್ತ ಹನ್ನೆರಡು ಮೈಲಿ ನಡೆಯುತ್ತಿದ್ದ. ಪ್ರತಿ ತೂಬಿನ ಹತ್ತಿರ ಹೆಂಗಸರು ಅರಿಷಿಣ ಕುಂಕುಮ ಹಿಡಿದು ಕಾಯುತ್ತಿದ್ದರು. ಪೂಜೆ ಗಂಗಮ್ಮನಿಗೆ. ಆದರೆ ಮೊದಲು ಕಾಣುತ್ತಿದ್ದದ್ದು ಮೂಕಣ್ಣನ ಮುಖ. ಕೊನೆಗೆ ನನ್ನ ಹೊಲದ ಬಾಯಿಗೆ ಬಂದು, ಬದಿಗೆ ಸರಿದು, “ತಗಾ, ನಿನ್ನ ನೀರು” ಅನ್ನುತ್ತಿದ್ದ, ಮಗಳನ್ನು ಗಂಡನ ಮನೆಗೆ ತಂದು ಬಿಟ್ಟವನ ಹಾಗೆ.

ಅಂಥ ಮನುಷ್ಯನಿಗೆ ಎಪ್ಪತ್ತೊಂಬತ್ತರಲ್ಲಿ ಕ್ಷಯ ಬಂತು. ಬಳ್ಳಾರಿ ಆಸ್ಪತ್ರೆಯಲ್ಲಿ ಎಂಟು ತಿಂಗಳು ಇದ್ದ. ನಾನು ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಹೋಗುತ್ತಿದ್ದೆ. ಅವನು ತನ್ನ ಆರೋಗ್ಯದ ಮಾತೇ ಎತ್ತುತ್ತಿರಲಿಲ್ಲ. “ಎಂಟನೇ ತೂಬಿನ ಹಲಗಿ ಬದಲು ಮಾಡಿದ್ರಾ?” ಅಂತ ಕೇಳುತ್ತಿದ್ದ. ಮಾಡಿರಲಿಲ್ಲ. ಮಾಡಿದ್ದಾರೆ ಅಂತ ಹೇಳಿ ಬರುತ್ತಿದ್ದೆ. ಆಮೇಲೆ ಊರಿಗೆ ಬಂದು ಆ ಹಲಗೆಯನ್ನು ನಾನೇ ಬದಲಾಯಿಸಿದೆ. ಸುಳ್ಳು ಹೇಳಿದ ಮೇಲೆ ಮತ್ತೇನು ಮಾಡುವುದು.

ಆ ವರ್ಷದ ಕೊನೆಗೆ ವಾಸಿಯಾಗಿ ಬಂದ. ಮೈಯಲ್ಲಿ ಎಲುಬು ಬಿಟ್ಟರೆ ಏನೂ ಇರಲಿಲ್ಲ. ಸೆಕ್ಷನ್ ಆಫೀಸಿನ ಸಾಹೇಬರು ಅವನನ್ನು ಕರೆಸಿ ಕೂರಿಸಿ ಹೇಳಿದರು: “ಮೂಕಣ್ಣ, ಇನ್ನು ಹನ್ನೆರಡು ಮೈಲಿ ನಿನ್ನ ಕೈಲಾಗಲ್ಲ. ಆಫೀಸ್ ಬಾಗಿಲಲ್ಲಿ ಕೂತಿರು. ನೆರಳಲ್ಲಿ ಇರ್ತೀಯ. ಮುಂದಿನ ತಿಂಗಳಿಂದ ಕಾಲುವೆ ಬೇರೆಯವರು ನೋಡ್ಕೋತಾರೆ.”

ಸಾಹೇಬರು ಕೆಟ್ಟವರಲ್ಲ. ಒಳ್ಳೆಯದಕ್ಕೇ ಹೇಳಿದ್ದರು. ಮೂಕಣ್ಣ “ಆತ್ರಿ” ಅಂದು ಎದ್ದು ಬಂದ. ಸಂಜೆ ನನ್ನ ಕಟ್ಟೆಗೆ ಬಂದು ಕೂತ. ಕಾಲುವೆಯ ಕಡೆ ಬೆನ್ನು ಹಾಕಿ ಕೂತ. ಎಂಟು ವರ್ಷದಲ್ಲಿ ಅವನು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ನನ್ನ ತಲೆ ಕೆಟ್ಟಿತು. ಮರುದಿನ ಕಮಲಾಪುರದ ಹಿಟ್ಟಿನ ಗಿರಣಿಯ ಗೋಡೆಯ ಮೇಲೆ ಒಂದು ಕಾಗದ ಕಂಡೆ. ಕಂಪ್ಲಿಯ ಯುವಕರು ಜನವರಿಯಲ್ಲಿ ದೂರದ ಓಟ ಇಟ್ಟಿದ್ದರು. ಕಮಲಾಪುರದ ಕೆರೆ ಏರಿಯಿಂದ ಕಂಪ್ಲಿ ಕೋಟೆಯ ಬಾಗಿಲಿಗೆ, ಅಂದಾಜು ಹದಿಮೂರು ಮೈಲಿ. ಆ ಕಾಗದ ಕಿತ್ತುಕೊಂಡು ನೇರ ಸೆಕ್ಷನ್ ಆಫೀಸಿಗೆ ಹೋಗಿ ಸಾಹೇಬರ ಮೇಜಿನ ಮೇಲೆ ಬಡಿದೆ.

“ಸಾಹೇಬ್ರ, ಹನ್ನೆರಡು ಮೈಲಿ ನಡಿಯಂಗಿಲ್ಲ ಅಂದ್ರೆಲ್ಲ, ಅವನು ಹದಿಮೂರು ಮೈಲಿ ಓಡಿ ಮುಟ್ಟಿದ್ರ ಏನಂತೀರಿ?”

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅವನು ಮುಟ್ಟಿದರೆ ಕಾಲುವೆ ಅವನದೇ. ನಾನೇ ಕೋಟೆ ಬಾಗಿಲಲ್ಲಿ ಹನ್ನೊಂದು ಗಂಟೆವರೆಗೂ ನಿಂತಿರ್ತೀನಿ. ಅಲ್ಲಪ್ಪ, ಅವನನ್ನ ಕೇಳಿದೆಯಾ?”

ಕೇಳಿರಲಿಲ್ಲ. ನನ್ನ ಸಿಟ್ಟು ಯಾವತ್ತೂ ಯಾರನ್ನೂ ಕೇಳಿ ಬಂದದ್ದಲ್ಲ.

ಮೂಕಣ್ಣ ಸುದ್ದಿ ಕೇಳಿ ಮೊದಲು ತನ್ನ ಕಾಲು ನೋಡಿಕೊಂಡ. ಆಮೇಲೆ, “ನೀನೂ ಓಡ್ತಿಯೇನು?” ಅಂದ.

“ನಾನ್ಯಾಕ?”

“ಹೇಳಿ ಬಂದಾವ ನೀನು. ನೀನು ಎತ್ತಿನ ಗಾಡ್ಯಾಗ ಬರ್ತಿ, ನಾನು ಓಡಬೇಕಾ? ಬಾ ಮಗನ.”

ಹೀಗೆ ಮೂವತ್ತಮೂರನೇ ವಯಸ್ಸಿಗೆ ನಾನು, ಮೂವತ್ತೈದಕ್ಕೆ ಅವನು, ಓಟ ಅನ್ನುವುದನ್ನು ಮೊದಲ ಸಲ ಓಡಲು ನಿಂತೆವು. ಒಂದು ತಿಂಗಳು ಬೆಳಗಿನ ಹೊತ್ತು ಏರಿಯ ಮೇಲೆ ಅಭ್ಯಾಸ ಮಾಡಿದೆವು. ಮೊದಲ ದಿನ ಎರಡನೇ ತೂಬಿನ ಹತ್ತಿರ ಕೆಮ್ಮಿ ಕೂತ. ಕೊನೆಯ ವಾರಕ್ಕೆ ಹನ್ನೊಂದನೇ ತೂಬಿಗೆ ಮುಟ್ಟಿದ. ಹೊಲದಲ್ಲಿ ನಾಟಿ ಮಾಡುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ, “ಯಾರು ಅಟ್ಟಿಸ್ಕೊಂಡು ಬರಾಕತ್ತಾರ ಅಣ್ಣಾ?” ಅಂತ ಕೂಗುತ್ತಿದ್ದರು.

ಓಟದ ದಿನ ಬೆಳಿಗ್ಗೆ ಅವನ ಹೆಂಡತಿ ಹೊಳೆಮ್ಮ ಕೆರೆ ಏರಿಗೆ ಬಂದಿದ್ದಳು. ಉತ್ತತ್ತಿ, ಬೆಲ್ಲ ಕಟ್ಟಿದ ಬಟ್ಟೆಯ ಗಂಟನ್ನು ಗಂಡನ ಸೊಂಟಕ್ಕೆ ಸಿಕ್ಕಿಸಿ, ನನ್ನನ್ನು ಬದಿಗೆ ಕರೆದಳು.

“ಅಣ್ಣಾ, ಅವನು ಸುಸ್ತಾತು ಅನ್ನಂಗಿಲ್ಲ. ನೀನ ನೋಡ್ಕಬೇಕು. ಎದಿ ಗೊರಗೊರ ಅಂದ್ರ ಕುಂದ್ರಿಸಿಬಿಡು. ಕಾಲುವಿ ಹೋದ್ರ ಹೋಗ್ಲಿ. ನಿನ್ನ ಕೈಯಾಗ ಕೊಟ್ಟೀನಿ.”

ಆತು ಅಂದೆ. ಆ ಮಾತು ಹದಿಮೂರು ಮೈಲಿಯೂ ನನ್ನ ಕಿವಿಯಲ್ಲಿತ್ತು.

ಓಡುವವರಿಗೆಲ್ಲ ಒಂದೊಂದು ಬಿಳಿ ಬನಿಯನ್ ಕೊಟ್ಟರು. ಅದಿರಿನ ಲಾರಿಗಳಿಗೆ ನಂಬರ್ ಬರೆಯುವ ಪೇಂಟರನಿಂದ ಎಣ್ಣೆ ಬಣ್ಣದಲ್ಲಿ ನಂಬರ್ ಬರೆಸಿದ್ದರು. ನನ್ನದು ನಲವತ್ತೊಂದು, ಅವನದು ನಲವತ್ತೆರಡು. ಬಣ್ಣ ಒಣಗಿ ಎದೆಗೆ ತಗಡಿನ ಹಾಗೆ ಗೀರುತ್ತಿತ್ತು. ಪಕ್ಕದಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯ ಹಮಾಲ ಕೆಂಚಣ್ಣ ನಿಂತಿದ್ದ. ಕ್ವಿಂಟಲ್ ಚೀಲ ಹೂವಿನ ಹಾಗೆ ಎತ್ತುವ ಆಳು. ಮೂಕಣ್ಣನ ಕಾಲು ನೋಡಿ ನನ್ನನ್ನು ಕೇಳಿದ.

“ಲೇ ಉಜ್ಜಿನಪ್ಪಾ, ಕೊಕ್ಕರಿ ಎಲ್ಲಿಂದ ಹಿಡ್ಕಂಡು ಬಂದಿ?”

ಸೀಟಿ ಊದಿದ್ದೇ ತಡ, ನಾನು ಕೆಂಚಣ್ಣನ ಬೆನ್ನು ಹತ್ತಿದೆ. ಮೂಕಣ್ಣ, ಹೊಳೆಮ್ಮ, ಸಾಹೇಬರು ಎಲ್ಲ ಮರೆತುಹೋಯಿತು. ಎರಡು ಮೈಲಿ ಅವನ ಹಿಮ್ಮಡಿಯನ್ನೇ ನೋಡುತ್ತ ಓಡಿದೆ. ಮೂರನೇ ಮೈಲಿಯಲ್ಲಿ ಪಕ್ಕೆ ಹಿಡಿಯಿತು. ರಸ್ತೆಬದಿಯ ಕಲ್ಲಿನ ಮೇಲೆ ಕೂತು ಎದೆ ಒತ್ತಿಕೊಳ್ಳುತ್ತಿದ್ದೆ. ಹಿಂದಿನಿಂದ ಮೂಕಣ್ಣ ಬಂದ. ಅದೇ ಹೆಜ್ಜೆ. ಹಾಲು ಹಾಕಲು ಹೋಗುವವನ ಮುಖ.

“ಏಳು. ನೀರು ಬರಾಕತ್ತೈತಿ.”

“ಯಾವ ನೀರಲೇ?”

“ಹಿಂದ ನೀರು ಬರಾಕತ್ತೈತಿ ಅಂದ್ಕೋ. ಒಂದ ಹೆಜ್ಜಿ ಮುಂದ ಇದ್ರ ಸಾಕು. ಕೆಂಚಣ್ಣನ್ನ ನೋಡಬ್ಯಾಡ, ನನ್ನ ಕಾಲು ನೋಡು.”

ನೋಡಿದೆ. ಅವನ ಪಾದ ನೆಲವನ್ನು ಬಡಿಯುತ್ತಿರಲಿಲ್ಲ, ಸವರಿಕೊಂಡು ಹೋಗುತ್ತಿತ್ತು. ಅದರ ಜೊತೆಗೆ ನನ್ನದನ್ನು ಹಾಕಿದೆ. ನಿಧಾನಕ್ಕೆ ಪಕ್ಕೆ ಬಿಟ್ಟಿತು. ಬಿಸಿಲು ಏರಿರಲಿಲ್ಲ. ಎರಡೂ ಕಡೆ ಹೊಸ ನಾಟಿಯ ಗದ್ದೆ, ಬಾಳೆ ತೋಟ. ನಮ್ಮಪ್ಪನ ಕಾಲಕ್ಕೆ ಅಲ್ಲೆಲ್ಲ ಜೋಳ, ಸಜ್ಜೆ ಬಿಟ್ಟರೆ ಇರಲಿಲ್ಲ. ಉತ್ತತ್ತಿ ಒಂದನ್ನು ಕಚ್ಚಿ ಅರ್ಧ ನನಗೆ ಕೊಟ್ಟ. ಓಡುತ್ತಲೇ ಹೇಳಿದ: “ಆಸ್ಪತ್ರ್ಯಾಗ ರಾತ್ರಿ ನಿದ್ದಿ ಬರ್ತಿರಲಿಲ್ಲ. ಮಂಚದ ಮ್ಯಾಲೆ ಮಲಗಿ ಮೊದಲನೇ ತೂಬಿನಿಂದ ನಡೀತಿದ್ದೆ, ಮನಸಿನಾಗ. ನಿನ್ನ ಹೊಲ ಮುಟ್ಟೂದ್ರಾಗ ನಿದ್ದಿ ಬಂದಿರ್ತಿತ್ತು.”

“ಮಾತಾಡಬ್ಯಾಡ, ಉಸುರು ಹೊಕ್ಕತಿ” ಅಂತ ಗದರಿದೆ.

ಬುಕ್ಕಸಾಗರ ದಾಟಿದೆವು. ಅಲ್ಲಿಂದ ಮುಂದೆ ರಸ್ತೆ ಇನ್ನೊಂದು ಕಾಲುವೆಯ ಏರಿಯ ಬುಡಕ್ಕೇ ಹೋಗುತ್ತದೆ. ಆರು ಮೈಲಿ ಮುಗಿದು ಎಂಟೂಕಾಲು ಗಂಟೆಯಾಗಿತ್ತು. ಹೀಗೇ ಹೋದರೆ ಹತ್ತು ಗಂಟೆಗೆಲ್ಲ ಕಂಪ್ಲಿ. ನಾನು ಮನಸ್ಸಿನಲ್ಲೇ ಸಾಹೇಬರ ಮುಂದೆ ಮೀಸೆ ತಿರುವುತ್ತಿದ್ದೆ. ಪಕ್ಕದಲ್ಲಿ ಹೆಜ್ಜೆ ಸದ್ದು ನಿಂತಿತು.

ಮೂಕಣ್ಣ ಏರಿಯ ಬುಡದಲ್ಲಿ ಬಗ್ಗಿ ನಿಂತಿದ್ದ. ಅಂಗೈ ಅಗಲದ ಜಾಗದಿಂದ ನೀರು ಗುಳುಗುಳು ಎದ್ದು ಚರಂಡಿಗೆ ಇಳಿಯುತ್ತಿತ್ತು. ಅವನು ಕೈಯಲ್ಲಿ ಹಿಡಿದು ನೋಡಿದ. ರಾಡಿ.

ಅದರ ಅರ್ಥ ನನಗೂ ಗೊತ್ತಿತ್ತು, ಅವನೇ ಕಲಿಸಿದ್ದು. ತಿಳಿ ನೀರು ಬಸಿದರೆ ಕಾಲುವೆ ಬೆವರಿದೆ ಅಷ್ಟೆ, ದಾಟಿ ಹೋಗಬಹುದು. ರಾಡಿ ನೀರು ಬಂದರೆ ಒಳಗೆ ಮಣ್ಣು ಕೊಚ್ಚುತ್ತಿದೆ. ಏಡಿ ಕೊರೆದ ತೂತು ಒಂದೆರಡು ತಾಸಿನಲ್ಲಿ ಎತ್ತು ನುಗ್ಗುವಷ್ಟು ಆಗುತ್ತದೆ. ಆಮೇಲೆ ಏರಿ ನಿಲ್ಲುವುದಿಲ್ಲ.

“ಮೂಕಾ, ಬ್ಯಾಡ. ನಡಿ. ದಾರ್ಯಾಗ ಯಾರಿಗಾರ ಹೇಳಾಣ.”

“ಹೇಳೂತನಕ ಅದು ನಿಂತಿರ್ತೈತಾ?”

“ಇದು ನಿನ್ನ ಕಾಲುವಿ ಅಲ್ಲಲೇ! ನಿನ್ನ ಮೈಲಿ ಅಲ್ಲ! ಬ್ಯಾರೆ ಲಸ್ಕರ್ ಅದಾನ ಇದಕ್ಕ!”

“ಅದು ನೀರಿಗೆ ಗೊತ್ತೈತೇನು?”

ನಾನು ರಸ್ತೆಯ ಮಧ್ಯೆ ನಿಂತು ಕೂಗಾಡಿದೆ. ಸಾಹೇಬರು ಹನ್ನೊಂದಕ್ಕೆ ಹೋಗುತ್ತಾರೆ ಅಂದೆ, ಜೀವನಪೂರ್ತಿ ಬಾಗಿಲು ಕಾಯ್ತೀಯ ಅಂದೆ, ಕತ್ತೆ ಅಂದೆ. ಅವನು ಅಷ್ಟರಲ್ಲಿ ಏರಿ ಹತ್ತಿ ಆ ಕಡೆ ನೀರಿಗೆ ಇಳಿಯಲು ಚಡ್ಡಿ ಮಡಚುತ್ತಿದ್ದ. ಜನವರಿಯ ಬೆಳಗಿನ ನೀರು. ಹೊಳೆಮ್ಮನ ಮಾತು ನೆನಪಾಯಿತು. ಓಡಿ ಹೋಗಿ ಅವನನ್ನು ಹಿಂದಕ್ಕೆ ನೂಕಿದೆ.

“ನೀನು ಇಳಿದ್ರ ನಿನ್ನ ಹೆಂಡ್ತಿ ನನ್ನ ತಿಥಿ ಮಾಡ್ತಾಳ. ಎಲ್ಲಿ ಅಂತ ಹೇಳು, ನಾನು ಇಳೀತೀನಿ.”

ಸೊಂಟದಷ್ಟು ನೀರು. ಎಲುಬಿಗೆ ಇಳಿಯುವ ಚಳಿ. ಅವನು ಏರಿಯ ಮೇಲೆ ಕೂತು ಹೇಳಿದ: “ಕಾಲಿಲೆ ತಡವು. ಎಲ್ಲಿ ಎಳೀತೈತಿ ಅಲ್ಲಿ ನಿಲ್ಲು.” ತಡವಿದೆ. ಒಂದು ಕಡೆ ಹಿಮ್ಮಡಿಯನ್ನು ಕರುವಿನ ಬಾಯಿಯ ಹಾಗೆ ಚೀಪಿತು.

“ಸಿಕ್ಕತು!”

“ಹಿಮ್ಮಡಿ ಅಲ್ಲೇ ಇಡು. ತೆಗೀಬ್ಯಾಡ.”

ಮುಚ್ಚಲು ಏನೂ ಇರಲಿಲ್ಲ. ಅವನು ಸುತ್ತ ನೋಡಿದ, ಆಮೇಲೆ ತನ್ನ ಬನಿಯನ್ ಕಳಚಿ, ಹುಲ್ಲು, ಜಿಗುಟು ಮಣ್ಣು ತುಂಬಿ, ತೋಳು ಕುತ್ತಿಗೆ ಸೇರಿಸಿ ಗಂಟು ಹಾಕಿ ಕೊಟ್ಟ. ಕಾಲು ಸರಿಸಿ ಆ ಉಂಡೆಯನ್ನು ಇಟ್ಟೆ. ತೂತು ಅದನ್ನು ಅರೆಕ್ಷಣದಲ್ಲಿ ನುಂಗಿತು.

“ನಿಂದೂ ಬಿಚ್ಚು” ಅಂದ.

ನಲವತ್ತೊಂದೂ ಹೋಯಿತು. ಆಗ ನಿಂತಿತು. ಅದರ ಮೇಲೆ ಪಾದ ಊರಿ ನಾನು ಅಲುಗದೆ ನಿಲ್ಲಬೇಕಾಯಿತು. ಕೆಳಗಿನ ಗದ್ದೆಯ ಮುದುಕನೊಬ್ಬ ನನ್ನ ಕೂಗಾಟ ಕೇಳಿ ಸಲಿಕೆ ತಂದ. ಅವನು ಅಗೆದು ಹಾಕಿದ, ಮೂಕಣ್ಣ ಮಣ್ಣನ್ನು ಕಾಲಿನಿಂದ ತುಳಿದು ತುಳಿದು ಕೂರಿಸಿದ. ಹುಟ್ಟಿದಂದಿನಿಂದ ನಾನು ಒಂದು ಕಡೆ ಅಷ್ಟು ಹೊತ್ತು ಸುಮ್ಮನೆ ನಿಂತದ್ದಿಲ್ಲ. ನಮ್ಮ ಹಿಂದೆ ಇದ್ದವರೆಲ್ಲ ರಸ್ತೆಯಲ್ಲಿ ಒಬ್ಬೊಬ್ಬರೇ ದಾಟಿ ಹೋದರು.

“ಈಜೋ ಪಂದ್ಯ ಮುಂದಿನ ವಾರ ಐತ್ರಲೇ!” ಅಂತ ಒಬ್ಬ ಕೂಗಿದ.

ಬೈಯಬೇಕು ಅಂತ ಬಾಯಿ ತೆರೆದೆ. ಹಲ್ಲು ಕಟಕಟ ಅಂದವೇ ಹೊರತು ಮಾತು ಬರಲಿಲ್ಲ. ಮೂಕಣ್ಣ ನನ್ನನ್ನು ನೋಡಿ ನಗಲು ಶುರುಮಾಡಿದ. ಎಂಟು ತಿಂಗಳ ಆಸ್ಪತ್ರೆಯ ನಂತರ ಅವನು ಹಾಗೆ ನಕ್ಕದ್ದು ಅದೇ ಮೊದಲು. ಕೆಮ್ಮು ಬರಲಿಲ್ಲ.

ಕೆಳಗಿಳಿದು ಬುಡದಲ್ಲಿ ಕೈ ಇಟ್ಟು ನೋಡಿದೆವು. ನೀರು ಇನ್ನೂ ತೊಟ್ಟಿಕ್ಕುತ್ತಿತ್ತು, ಆದರೆ ತಿಳಿಯಾಗಿತ್ತು. ಮುದುಕನನ್ನು ಅಲ್ಲೇ ಕಾವಲಿಗೆ ಬಿಟ್ಟು ಹೊರಟಾಗ ಗಂಟೆ ಹತ್ತರ ಹತ್ತಿರ. ಇನ್ನೂ ಏಳು ಮೈಲಿ. ಲೆಕ್ಕ ಇಬ್ಬರಿಗೂ ತಿಳಿಯುತ್ತಿತ್ತು. ಬರೀ ಮೈಯಲ್ಲಿ, ಮೊಳಕೈವರೆಗೆ ಕೆಸರು ಮೆತ್ತಿಕೊಂಡು, ಒಂದೇ ಹೆಜ್ಜೆಯಲ್ಲಿ ಓಡಿದೆವು. ರಾಮಸಾಗರದ ಹತ್ತಿರ ನನ್ನ ಮೊಣಕಾಲು ಮಡಚಿತು. ಅವನು ನನ್ನ ಕೈಯನ್ನು ತನ್ನ ಹೆಗಲಿಗೆ ಹಾಕಿಕೊಂಡ. ಕಾಯಿಲೆಯವನನ್ನು ನೋಡಿಕೊಳ್ಳಲು ಬಂದವನು ನಾನು!

ಕೋಟೆಯ ಬಾಗಿಲು ಮುಟ್ಟಿದಾಗ ಶಾಮಿಯಾನದ ಗಳ ಕೀಳುತ್ತಿದ್ದರು. ಸಾಹೇಬರು ಇರಲಿಲ್ಲ. ಪಟ್ಟಿ ಹಿಡಿದಿದ್ದ ಯುವಕ ನಮ್ಮನ್ನು ಮೇಲಿಂದ ಕೆಳಗೆ ನೋಡಿದ.

“ನಂಬರ್ ಎಲ್ಲೈತ್ರಿ?”

“ಕಾಲುವ್ಯಾಗ.”

“ನಂಬರ್ ಇಲ್ದಾವ್ರನ್ನ ಬರ್ಕಳಂಗಿಲ್ರಿ. ನೀವು ದಾರ್ಯಾಗ ಸೇರ್ಕಂಡಿದ್ರ ನಮಗೇನು ಗೊತ್ತು?”

ನಾನು ಅವನ ಕುತ್ತಿಗೆ ಪಟ್ಟಿಗೆ ಕೈ ಹಾಕಿದೆ. ಮೂಕಣ್ಣ ಆ ಕೈಯನ್ನು ಬಿಡಿಸಿ ತಂದು ತನ್ನ ಎದೆಯ ಮೇಲೆ ಇಟ್ಟುಕೊಂಡ.

“ಅವನ್ನ ಬಿಡು. ಇಲ್ಲಿ ನೋಡು, ಗೊರಗೊರ ಅನ್ನಾಕತ್ತೈತೇನು?”

ಅನ್ನುತ್ತಿರಲಿಲ್ಲ. ತೆಳ್ಳನೆಯ ಎಲುಬಿನ ಗೂಡಿನೊಳಗೆ ಗಾಳಿ ಹೋಗಿ ಬರುತ್ತಿತ್ತು, ಅಷ್ಟೆ. ನಾನು ಕೋಟೆಯ ಗೋಡೆಗೆ ಒರಗಿ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಬೆವರು ಅಂತ ಅವನಿಗೆ ಹೇಳಿದೆ.

ಸೋಮವಾರ ಇಬ್ಬರೂ ಸೆಕ್ಷನ್ ಆಫೀಸಿಗೆ ಹೋದೆವು. ಸಾಹೇಬರು ಬೇಜಾರಿನಿಂದಲೇ ಹೇಳಿದರು: “ಹನ್ನೊಂದೂಕಾಲರವರೆಗೆ ನಿಂತಿದ್ದೆ ಮೂಕಣ್ಣ. ಪಟ್ಟಿಯಲ್ಲೂ ನಿನ್ನ ಹೆಸರಿಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ.”

ನಾನು ಬಾಯಿ ತೆರೆಯುವುದರೊಳಗೆ ಮೂಕಣ್ಣ ನನ್ನ ಕಾಲು ತುಳಿದ. ಮೊಣಕಾಲು ನೋಯುತ್ತಿದ್ದ ಕಾಲನ್ನೇ. ಆಮೇಲೆ, ದಿನಾ ಬೆಳಿಗ್ಗೆ ವರದಿ ಒಪ್ಪಿಸುವ ದನಿಯಲ್ಲಿ ಹೇಳಿದ:

“ಬುಕ್ಕಸಾಗರ ದಾಟಿ ಅರ್ಧ ಮೈಲಿ, ರಸ್ತಿ ಕಡೆ ಏರಿ. ಏಡಿ ತೂತ್ರಿ. ರಾಡಿ ನೀರು ಇತ್ತು. ಸದ್ಯಕ್ಕ ಮುಚ್ಚೀವಿ. ಎರಡು ಗಾಡಿ ಮಣ್ಣು ಬೇಕ್ರಿ, ಇವತ್ತ ಹಾಕಬೇಕು.”

ಅವನಿಗೆ ಅದು ವಾದವಲ್ಲ. ಸೋರಿಕೆ ಕಂಡರೆ ವರದಿ ಮಾಡಬೇಕು, ಮಾಡಿದ, ಅಷ್ಟೆ. ಸಾಹೇಬರು ಪೆನ್ನು ಕೆಳಗಿಟ್ಟರು.

“ಯಾವಾಗ?”

“ನಿನ್ನಿ, ಎಂಟೂಕಾಲು ಗಂಟಿಗ್ರಿ.”

ಅವರು ಕೂಡಲೇ ಜೀಪು ತೆಗೆಸಿದರು, ನಾಲ್ಕು ಆಳು ಕರೆದರು. ಮೇಲಿನ ತೂಬು ಇಳಿಸಿ ನೀರು ತಗ್ಗಿಸಿ ಆ ಜಾಗ ಅಗೆದರು. ಮೊದಲು ನಲವತ್ತೊಂದು ಬಂತು, ಅದರ ಹಿಂದೆ ನಲವತ್ತೆರಡು. ಲಾರಿಯ ಬಣ್ಣ, ಒಂದು ಅಂಕಿಯೂ ಅಳಿಸಿರಲಿಲ್ಲ. ಕೊನೆಗೆ ಅಂಗೈ ಅಗಲದ ಏಡಿಯೂ ಹೊರಗೆ ಬಂದು, ನಮ್ಮನ್ನೆಲ್ಲ ಒಂದು ಸಲ ನೋಡಿ, ಅಡ್ಡಡ್ಡ ನಡೆದು ಹೋಯಿತು. ಸಾಹೇಬರು ಎರಡೂ ಬನಿಯನ್‌ಗಳನ್ನು ತಮ್ಮ ಕೈಯಾರೆ ಹಿಂಡಿ ಜೀಪಿನ ಮುಂಭಾಗದ ಮೇಲೆ ಹರವಿದರು. ಏರಿಯ ಕೆಳಗಿನ ಹಸಿರು ಗದ್ದೆಗಳನ್ನು ಸ್ವಲ್ಪ ಹೊತ್ತು ನೋಡಿದರು.

“ಇದನ್ನ ಮುಚ್ಚಿದ ಮೇಲೆ ಏನು ಮಾಡಿದ್ರಿ?”

“ಓಡಿದ್ವಿ ಸಾಹೇಬ್ರ” ಅಂದ ಮೂಕಣ್ಣ.

“ಎಲ್ಲಿಯವರೆಗೆ?”

“ಕಂಪ್ಲಿ ಕ್ವಾಟಿತನಕ್ರಿ.”

ಸಾಹೇಬರು ತಲೆಯಾಡಿಸಿದರು. “ಬಾಗಿಲಲ್ಲಿ ಕೂರೋದಕ್ಕೆ ಬೇರೆ ಯಾರನ್ನಾದರೂ ನೋಡ್ತೀನಿ. ತಿಂಗಳಿಗೊಮ್ಮೆ ಬಳ್ಳಾರಿಗೆ ಹೋಗಿ ತೋರಿಸ್ಕೊಂಡು ಬರಬೇಕು, ತಪ್ಪಿಸಬಾರದು.” ಆಮೇಲೆ ನನ್ನ ಕಡೆ ತಿರುಗಿ, “ಕರ್ಕೊಂಡು ಹೋಗೋದು ನಿನ್ನ ಕೆಲಸ. ಮೇಜು ಬಡಿದವನು ನೀನು ತಾನೆ?” ಅಂದರು.

ನಾನು ಅವರಿಗಾಗಿ ಕಟ್ಟಿಟ್ಟುಕೊಂಡಿದ್ದ ಬೈಗುಳವೆಲ್ಲ ಹಾಗೇ ಉಳಿಯಿತು.

ಆ ಜುಲೈಯಲ್ಲಿ ಡ್ಯಾಮಿನಿಂದ ಮೊದಲ ನೀರು ಬಿಟ್ಟಾಗ ಮೂಕಣ್ಣ ಚಪ್ಪಲಿ ಕಳಚಿಟ್ಟು ಕಾಲುವೆಗಿಳಿದ. ಮೈಮೇಲೆ ನಲವತ್ತೆರಡನೇ ನಂಬರಿನ ಬನಿಯನ್. ಹೊಳೆಮ್ಮ ಎಷ್ಟು ಒಗೆದರೂ ಕೆಸರಿನ ಬಣ್ಣ ಬಿಟ್ಟಿರಲಿಲ್ಲ. ಆ ವರ್ಷ ನಾನು ನನ್ನ ಹೊಲದ ಬಾಯಲ್ಲಿ ಕಾಯುತ್ತ ನಿಲ್ಲಲಿಲ್ಲ. ಮೊದಲನೇ ತೂಬಿನಿಂದಲೇ ಅವನ ಪಕ್ಕದಲ್ಲಿ ನಡೆದೆ.

ಅದಾಗಿ ಹದಿನೈದು ವರ್ಷವಾಯಿತು. ಮಂಡಿ ಹಿಡಿದದ್ದು ನನಗೆ, ಅವನಿಗಲ್ಲ. ಈಗಲೂ ಕಂಪ್ಲಿಗೆ ಹೋಗುವ ಬಸ್ಸಿನಲ್ಲಿ ಬುಕ್ಕಸಾಗರ ದಾಟಿದ ಕೂಡಲೇ ಅವನು ಕಿಟಕಿಯಿಂದ ಕತ್ತು ಹೊರಗೆ ಹಾಕುತ್ತಾನೆ. ಕಂಡಕ್ಟರ್ ಬೈಯುತ್ತಾನೆ, ನಾನು ಕಂಡಕ್ಟರನಿಗೆ ಬೈಯುತ್ತೇನೆ. ಆ ಜಾಗ ದಾಟುವವರೆಗೆ ಮೂಕಣ್ಣ ಯಾರ ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಆಮೇಲೆ ಕತ್ತು ಒಳಗೆ ತಂದು, ನನ್ನ ತೊಡೆ ತಟ್ಟಿ ಹೇಳುತ್ತಾನೆ:

“ಬೆವರೈತಿ ಅಷ್ಟ. ರಾಡಿ ಇಲ್ಲ.”